ತಗಡಕ್ಕ ಮತ್ತು ಆಕಾಶ ಕಾಣುವ ಕಾರು

ತಗಡಕ್ಕನಿಗೆ ನಾನು ಮಾಡಿಕೊಟ್ಟಷ್ಟು ಕನ್ನಡಕಗಳನ್ನು ಈ ಊರಿನಲ್ಲಿ ಇನ್ಯಾರಿಗೂ ಮಾಡಿಕೊಟ್ಟಿಲ್ಲ. ನನ್ನದು ಕನ್ನಡಕದಂಗಡಿ. ಆಕೆಯದು ನನ್ನ ಎದುರಿಗೇ ಇರುವ ಟಿಂಕರಿಂಗ್ ಶೆಡ್ಡು. ಹಳೆ ಕಾರುಗಳ ತಗಡಿನ ಕೆಲಸ. ಗ್ರೈಂಡರಿನ ಕಿಡಿ ಹಾರಿ ಗಾಜಿನ ತುಂಬ ಕರಿ ಚುಕ್ಕೆ ಬಿದ್ದ ಕನ್ನಡಕವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, "ನಿಮ್ಮ ಗಾಜು ಗಟ್ಟಿ ಇಲ್ಲ ಕಣ್ರೀ" ಎನ್ನುತ್ತಾಳೆ. ಕಿಡಿಗೆಂದೇ ಬೇರೆ ಕನ್ನಡಕ ಬರುತ್ತದಲ್ಲ, ಅದನ್ನು ಯಾಕೆ ಹಾಕುವುದಿಲ್ಲ ಎಂದರೆ, "ಅದ್ರಲ್ಲಿ ತಗಡಿನ ಮುಖ ಕಾಣಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಹೆಸರು ಬೀದಿಯವರು ಇಟ್ಟದ್ದು. ಮೊದಮೊದಲು ಬೆನ್ನ ಹಿಂದೆ ಕರೆದು ನಗುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ ತಡ, ಆಕೆ ಶೆಡ್ಡಿನ ಬಾಗಿಲ ಮೇಲೆ 'ತಗಡಕ್ಕ' ಎಂದು ಕೆಂಪಕ್ಷರದಲ್ಲಿ ಬರೆಸಿಕೊಂಡುಬಿಟ್ಟಳು. ಅಲ್ಲಿಗೆ ಚುಡಾಯಿಸುವವರ ಬಾಯಿ ಕಟ್ಟಿತು.

ಆಕೆಯ ಅಪ್ಪ ತೂತಾದ ಬಕೆಟ್ಟು, ಎಣ್ಣೆ ಡಬ್ಬ, ಸೋರುವ ಕೊಡ ಇವುಗಳನ್ನು ಬೆಸೆಯುತ್ತ ಶುರುಮಾಡಿ, ಊರಿಗೆ ಕಾರುಗಳು ಹೆಚ್ಚಿದ ಮೇಲೆ ಕಾರಿನ ತಗಡಿಗೆ ಕೈ ಹಾಕಿದವರು. ಮಗ ಮಗಳು ಎಂದು ಭೇದ ಮಾಡದೆ ಇಬ್ಬರಿಗೂ ಸುತ್ತಿಗೆ ಹಿಡಿಯಲು ಕಲಿಸಿದರು. ಅವರು ಹೋದ ಮೇಲೆ ಸಾಮಾನು ಹಂಚಿಕೆಯಾಯಿತು. "ನೀನು ಮಷೀನ್ ಇಟ್ಕೊಂಡು ಏನು ಮಾಡ್ತೀಯಾ?" ಎಂದು ಅಣ್ಣ ಯಂತ್ರಗಳನ್ನೆಲ್ಲ ತನ್ನ ಕಡೆ ಎಳೆದುಕೊಂಡ. ತಂಗಿಯ ಪಾಲಿಗೆ ಬಂದದ್ದು ಸುತ್ತಿಗೆಗಳು, ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿಗಳು, ಒಂದು ಹಳೆಯ ಕತ್ತರಿ. ಆಕೆ ಜಗಳವಾಡಲಿಲ್ಲ. ಆದರೆ ಅಂದಿನಿಂದ ಅಣ್ಣನ ಮನೆಗೆ ಹೋಗುವುದು ಕಡಿಮೆಯಾಗಿ, ಆಮೇಲೆ ನಿಂತೇ ಹೋಯಿತು. ಅಣ್ಣನ ಗ್ಯಾರೇಜು ಬೆಳೆದು, ಗಾಜಿನ ಆಫೀಸು, ಬಣ್ಣ ಹೊಡೆಯಲು ಬೇರೆ ಕೋಣೆ, ಸಮವಸ್ತ್ರದ ಕೆಲಸಗಾರರು ಎಲ್ಲ ಬಂದರು. ಊರಲ್ಲಿ ಅವನನ್ನು 'ದೊಡ್ಡ ಗ್ಯಾರೇಜಿನವರು' ಎನ್ನುತ್ತಾರೆ.

ತಗಡಕ್ಕ ಮದುವೆಯಾದದ್ದು ಪಕ್ಕದ ಶೆಡ್ಡಿನ ಸೀಟು ಟೈಲರನನ್ನು. ಕಾರಿನ ಸೀಟು, ಒಳಗಿನ ಸೀಲಿಂಗ್ ಬಟ್ಟೆ, ನೆಲದ ಕಂಬಳಿ ಹೊಲಿಯುವವನು. ಮಾತು ಕಡಿಮೆ. ಆಕೆಯ ಸೀರೆಯ ಸೆರಗಿಗೆ ಕಿಡಿ ತಗಲಿ ತೂತಾದದ್ದನ್ನು ಒಂದು ದಿನ ನೋಡಿದವನು, ಮಾರನೆಯ ದಿನ ದಪ್ಪ ಚರ್ಮದ ಏಪ್ರನ್ ಹೊಲಿದು ತಂದುಕೊಟ್ಟನಂತೆ. "ಅಳತೆ ಕೇಳ್ಲಿಲ್ಲ, ಕಣ್ಣಲ್ಲೇ ತಗೊಂಡಿದ್ರು. ಹಾಕ್ಕೊಂಡ್ರೆ ಸರಿಯಾಗಿ ಕೂತ್ಕೊಳ್ತು. ಇನ್ನೇನು ಜಾತಕ ನೋಡೋದು?" ಎಂದು ಆಕೆ ಈಗಲೂ ಹೇಳುತ್ತಾಳೆ. ಅವನು ಕೇಳಿಸದವನಂತೆ ಮಷೀನು ತುಳಿಯುತ್ತಾನೆ. ಇಬ್ಬರ ಶೆಡ್ಡುಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದಾರೆ. ಆ ಕಡೆ ಸುತ್ತಿಗೆ ಸದ್ದು, ಈ ಕಡೆ ಹೊಲಿಗೆ ಸದ್ದು.

ತಗಡಕ್ಕ ಬಡಾಯಿಗಾರ್ತಿ ಎಂಬುದರಲ್ಲಿ ಎರಡು ಮಾತಿಲ್ಲ. "ನನ್ನ ಕೈ ಬಿಟ್ಟ ತಗಡು ವಾಪಸ್ ಬರಲ್ಲ" ಎಂದು ಬಂದ ಗಿರಾಕಿಗೆಲ್ಲ ಸಾರುತ್ತಾಳೆ. ಸಿಟ್ಟು ಬರಿಸುವ ಸಂಗತಿ ಏನೆಂದರೆ, ಅದು ನಿಜವಾಗಿತ್ತು. ಆ ಬಡಾಯಿಗೆ ಒಮ್ಮೆ ಪರೀಕ್ಷೆ ಬಂತು. ಅದು ಡ್ರೈವಿಂಗ್ ಮೇಷ್ಟ್ರ ಕಾರಿನ ಕತೆ.

ಮೇಷ್ಟ್ರು ಅರ್ಧ ಊರಿಗೆ ಕಾರು ಓಡಿಸಲು ಕಲಿಸಿ ನಿವೃತ್ತರಾದವರು. ಅವರ ಸ್ವಂತ ಕಾರು ಬಿಸ್ಕತ್ ಬಣ್ಣದ್ದು, ನನ್ನ ಪ್ರಾಯದ್ದು ಅನ್ನಬಹುದು. ಅದರ ನೆತ್ತಿಯ ಮೇಲೆ ಗಾಜಿನ ಕಿಟಕಿ, ಹಿಂದಕ್ಕೆ ಸರಿಯುವ ಸನ್‌ರೂಫ್. ಬೇಸಿಗೆಯ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಆ ಕಾರು ಶೆಡ್ಡಿನ ಮುಂದೆ ನಿಂತಿತು. ಮೇಷ್ಟ್ರು ಇಳಿದರು, ಅವರ ಹೆಂಡತಿ ಇಳಿದರು. ಹೆಂಡತಿ ಶೆಡ್ಡಿನ ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕುಳಿತರು.

"ಒಳಗೆ ಬನ್ನಿ ಅಮ್ಮಾ, ಬಿಸಿಲಿದೆ" ಎಂದಳು ತಗಡಕ್ಕ.

"ಬೇಡಮ್ಮಾ. ನಂಗೆ ತಲೆ ಮೇಲೆ ಆಕಾಶ ಬೇಕು."

ಆ ಮಾತಿನ ಹಿಂದೆ ಒಂದು ಕಾರಣವಿತ್ತು. ಹಿಂದೊಮ್ಮೆ ಬಟ್ಟೆ ಅಂಗಡಿಯ ಲಿಫ್ಟಿನಲ್ಲಿ ಕರೆಂಟು ಹೋಗಿ ಆಕೆ ಸಿಕ್ಕಿಬಿದ್ದಿದ್ದರು. ಕತ್ತಲೆ, ಸೆಕೆ, ಜೊತೆಗೆ ಕೂಗಾಡುವ ಅಪರಿಚಿತರು. ಹೊರಗೆ ಬಂದ ಮೇಲೂ ಆ ಪೆಟ್ಟಿಗೆ ಆಕೆಯನ್ನು ಬಿಡಲಿಲ್ಲ. ಬಸ್ಸು, ರೈಲು, ಟ್ಯಾಕ್ಸಿ ಯಾವುದರಲ್ಲಿ ಕುಳಿತರೂ ಎದೆ ಹಿಡಿದುಕೊಳ್ಳುತ್ತಿತ್ತು. ಪಕ್ಕದ ಕಿಟಕಿ ತೆರೆದರೂ ಸಾಲದು. ಮೇಷ್ಟ್ರು ಎಲ್ಲೆಲ್ಲೋ ವಿಚಾರಿಸಿ ಈ ಹಳೆ ಕಾರನ್ನು ಹುಡುಕಿ ತಂದದ್ದು ಅದಕ್ಕೇ. ತಲೆ ಎತ್ತಿದರೆ ಆಕಾಶ. ಮಳೆ ಬಂದು ಗಾಜು ಮುಚ್ಚಿದರೂ ಆಕಾಶ. ಈ ಕಾರಿನಲ್ಲಿ ಆಕೆ ಹಾಡು ಗುನುಗುತ್ತ ಕೂರುತ್ತಿದ್ದರಂತೆ.

ಈಗ ಅದೇ ಕಿಟಕಿಯ ಸುತ್ತ ತುಕ್ಕು ಹಿಡಿದಿತ್ತು. ಹಿಂದಿನ ಮಳೆಗಾಲದಲ್ಲಿ ಕಂದು ನೀರು ಆಕೆಯ ಮಡಿಲಿಗೇ ತೊಟ್ಟಿಕ್ಕಿತ್ತು.

"ಮೂರ್ನಾಲ್ಕು ಕಡೆ ತೋರಿಸಿದೆ" ಎಂದರು ಮೇಷ್ಟ್ರು. "ಎಲ್ಲರದ್ದೂ ಒಂದೇ ಮಾತು: ಮೇಲೆ ತಗಡು ಹೊದಿಸಿ ಮುಚ್ಚಿಬಿಡಿ, ಕಾಟ ತಪ್ಪುತ್ತೆ ಅಂತ. ಮುಚ್ಚೋದಾದ್ರೆ ಈ ಕಾರು ನಂಗ್ಯಾಕೆ? ಮಗಳು ದೂರದ ಊರಲ್ಲಿದಾಳೆ. ತುಂಬಿದ ಬಸುರಿ. ಡಾಕ್ಟ್ರು ಹಾಸಿಗೆ ಬಿಟ್ಟು ಏಳ್ಬೇಡ ಅಂದಿದಾರೆ. ಅವಳು ಬರೋ ಹಾಗಿಲ್ಲ, ಇವಳು ಹೋಗ್ಲೇಬೇಕು. ಹೋಗೋ ಹೊತ್ತಿಗೆ ಮಳೆಗಾಲ ಶುರುವಾಗಿರುತ್ತೆ."

ತಗಡಕ್ಕ ಕಾರಿನ ನೆತ್ತಿಯ ಮೇಲೆ ಬಗ್ಗಿದಳು. ಹಳೆ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ, ಗಾಜಿನ ಸುತ್ತ ಬಣ್ಣದ ಮೇಲೆ ಮೆಲ್ಲಗೆ ಸರಿಸಿದಳು. ಕೆಲವು ಕಡೆ ಅದು ಅಂಟಿಕೊಂಡು ಎಳೆಯಿತು. ಮುಂದಿನ ಅಂಚಿನಲ್ಲಿ ಮಾತ್ರ ಎಳೆತವೇ ಇಲ್ಲ, ಜಾರಿ ಹೋಯಿತು. ಬೆರಳ ಗಿಣ್ಣಿನಿಂದ ಅಲ್ಲಿ ತಟ್ಟಿದಳು. ತಗಡಿನ ಟಣ್ ಎನ್ನುವ ಸದ್ದಿಲ್ಲ, ಹಲಗೆಯ ಹಾಗೆ ದೊಬ್ ಎಂದಿತು.

"ಇಲ್ಲಿ ತಗಡೇ ಇಲ್ಲ ಮೇಷ್ಟ್ರೇ. ಬರೀ ಪುಟ್ಟಿ. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದಾರೆ."

ಆಮೇಲೆ ಹೊರಗೆ ಹೋಗಿ ಬೆಂಚಿನ ಪಕ್ಕ ನಿಂತಳು. "ಅಮ್ಮಾ, ಮಗಳ ಹೆರಿಗೆಗೆ ನೀವು ಹೋಗ್ತೀರಿ. ಇದೇ ಕಾರಲ್ಲೇ ಹೋಗ್ತೀರಿ. ಮಳೆ ಬಂದ್ರೆ ಬರ್ಲಿ."

ಒಳಗಿನಿಂದ ಸೀಟು ಟೈಲರ್ ಕೆಮ್ಮಿದ. ಹೆಂಡತಿ ಕೆಲಸ ಬಿಚ್ಚಿ ನೋಡುವ ಮೊದಲೇ ಮಾತು ಕೊಟ್ಟಾಗಲೆಲ್ಲ ಅವನಿಗೆ ಕೆಮ್ಮು ಬರುತ್ತದೆ.

ಬಿಚ್ಚುವ ಕೆಲಸ ಅವನಿಂದಲೇ ಶುರುವಾಯಿತು. ಒಳಗಿನ ಸೀಲಿಂಗ್ ಬಟ್ಟೆಯನ್ನು ಅಂಚು ಅಂಚಾಗಿ ಬಿಡಿಸಿ ಇಳಿಸಿದ. ಅದರ ತುಂಬ ಚಹಾ ಚೆಲ್ಲಿದಂಥ ಕಲೆಗಳು. ಹಳೆ ಚೀಲದ ವಾಸನೆ. ಗಾಜು, ಅದು ಸರಿಯುವ ಹಳಿ, ರಬ್ಬರು ಎಲ್ಲ ಹೊರಗೆ ಬಂದ ಮೇಲೆ ಕಿಟಕಿಯ ಸುತ್ತ ಇರುವ ನೀರ ದೋಣಿ ಕಾಣಿಸಿತು. ಮನೆಯ ಸೂರಿನ ಕೆಳಗೆ ಮಳೆನೀರಿಗೆ ಕಟ್ಟುವ ದೋಣಿಯಂಥದೇ, ಬೆರಳಗಲದ್ದು. ಅದರಲ್ಲಿ ಮಣ್ಣು, ಕೊಳೆತ ಎಲೆ, ಒಂದು ಮೂಲೆಯಲ್ಲಿ ಎಳೆ ಹುಲ್ಲು ಕೂಡ ಮೊಳೆತು ನಿಂತಿತ್ತು.

"ಮೇಷ್ಟ್ರೇ, ನೀವು ಕಾರು ಇಟ್ಟಿದೀರೋ ತೋಟ ಮಾಡಿದೀರೋ?"

"ನೆರಳಿಗೆ ಅಂತ ಮರದ ಕೆಳಗೆ ನಿಲ್ಲಿಸ್ತೀನಿ."

"ಅದಕ್ಕೇ. ನೋಡಿ, ಎಲ್ಲರೂ ರಬ್ಬರು ನೀರು ತಡೀಬೇಕು ಅಂದ್ಕೊಳ್ತಾರೆ. ಅದು ಪೂರ್ತಿ ತಡೆಯಲ್ಲ. ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತೆ. ಇಳಿದ ನೀರು ಈ ದೋಣೀಲಿ ಹರಿದು, ಮೂಲೆಗೊಂದು ಪೈಪು ಇದೆಯಲ್ಲ, ಅದರಲ್ಲಿ ಬಾಗಿಲ ಪಕ್ಕದ ಕಂಬದ ಒಳಗಿಂದ ಕೆಳಗೆ ಹೋಗ್ಬೇಕು. ಪೈಪು ಕಟ್ಕೊಂಡ್ರೆ ನೀರು ನಿಲ್ಲುತ್ತೆ. ನಿಂತ ನೀರು ಸುಮ್ನೆ ಕೂರಲ್ಲ, ತಗಡು ತಿನ್ನುತ್ತೆ."

ಪುಟ್ಟಿಯನ್ನು ಉಳಿಯಿಂದ ಎಬ್ಬಿಸಿದಾಗ ಹಕ್ಕಳೆ ಹಕ್ಕಳೆಯಾಗಿ ಬಂತು. ಒಂದು ತುಂಡನ್ನು ತಿರುಗಿಸಿ ನೋಡಿದ ತಗಡಕ್ಕನ ಕೈ ಒಂದು ಕ್ಷಣ ನಿಂತಿತು. ಪುಟ್ಟಿಯ ಮೇಲೆ, ಬಣ್ಣದ ಅಡಿಯಲ್ಲಿ ಎಳೆಹಸಿರು ಪ್ರೈಮರ್. ಊರಲ್ಲಿ ಆ ಹಸಿರು ಪ್ರೈಮರ್ ಬಳಸುವವರು ಒಬ್ಬರೇ.

"ಹೋದ ಸಲ ದೊಡ್ಡ ಗ್ಯಾರೇಜಲ್ಲೇ ಮಾಡಿಸಿದ್ದು" ಎಂದರು ಮೇಷ್ಟ್ರು, ಸಮರ್ಥನೆ ಮಾಡಿಕೊಳ್ಳುವಂತೆ.

"ಗೊತ್ತಾಯ್ತು" ಎಂದಳು ತಗಡಕ್ಕ. ಅದು ತನ್ನ ಅಣ್ಣನ ಗ್ಯಾರೇಜು ಎಂದು ಬಾಯಿ ಬಿಡಲಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು ಆ ತುಂಡನ್ನು ತೋರಿಸಿ, "ಅಪ್ಪ ನೋಡಿದ್ರೆ ಅವನ ಕಿವಿ ಹಿಂಡ್ತಿದ್ರು" ಎಂದಳು. ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು.

ತುಕ್ಕಿನ ವಿಷಯದಲ್ಲಿ ಆಕೆಗೆ ದಯೆ ದಾಕ್ಷಿಣ್ಯ ಇಲ್ಲ. ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸುವುದೇ. ಮುಂದಿನ ಅಂಚು ಪೂರ್ತಿ ಹೋಯಿತು. ಪಕ್ಕದ ಅಂಚುಗಳಲ್ಲಿ ಅಂಗೈಯಷ್ಟು, ಅಂಗೈಯಷ್ಟು ಹೋಯಿತು. ಕೊನೆಗೆ ಕಾರಿನ ನೆತ್ತಿ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಮೇಷ್ಟ್ರು ನೋಡಲು ಬಂದವರು ನೋಡಲಾರದೆ ನನ್ನ ಅಂಗಡಿಗೆ ಬಂದು ಕುಳಿತು ನೀರು ಕುಡಿದರು.

ಕತ್ತರಿಸುವುದು ಸುಲಭ. ಹೊಸ ಅಂಚು ಮಾಡುವುದು ಕಷ್ಟ. ಆ ಮುಂದಿನ ಅಂಚು ನೇರ ಪಟ್ಟಿಯಲ್ಲ. ಉದ್ದಕ್ಕೂ ಎರಡು ಮಡಿಕೆ, ನಡುವೆ ಉಬ್ಬುಗೆರೆಯಂಥ ಒಂದು ದಿಂಡು, ಎಲ್ಲ ಸೇರಿ ನೆತ್ತಿಯ ಬಾಗಿಗೆ ತಕ್ಕಂತೆ ಬಳುಕಬೇಕು. ಎಲ್ಲಾದರೂ ಏರುಪೇರಾದರೆ ರಬ್ಬರು ಕೂರುವುದಿಲ್ಲ, ಗಾಜು ಸರಿಯುವುದಿಲ್ಲ. ತಗಡಕ್ಕ ಸುತ್ತಿಗೆಯಿಂದ ಪ್ರಯತ್ನಪಟ್ಟಳು. ದಿಂಡು ಅಲೆಅಲೆಯಾಗಿ ಬಂತು. ಇನ್ನೊಂದು ಮಾಡಿದಳು. ಅದೂ ಹಾಗೇ. ಎರಡನ್ನೂ ಮೂಲೆಗೆ ಎಸೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಸೀಟು ಟೈಲರ್ ಹೊಲಿಗೆಯಿಂದ ಕಣ್ಣೆತ್ತದೆ ಹೇಳಿದ: "ಮಾವನವರ ಅಂಚಿನ ಮಷೀನು ಭಾವನ ಹತ್ರ ಇದೆಯಲ್ಲ."

ಆಕೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಮುಖ ತೊಳೆದು, ಹೊರಟುಬಿಟ್ಟಳು.

ಅಣ್ಣನ ಆಫೀಸಿನಲ್ಲಿ ಏನಾಯಿತೆಂಬುದನ್ನು ಆಕೆ ಎಷ್ಟು ಸಲ ಹೇಳಿದ್ದಾಳೆಂದರೆ ನನಗೆ ಬಾಯಿಪಾಠವಾಗಿದೆ. ಅಪ್ಪನ ಅಂಚಿನ ಯಂತ್ರ ಗಾಜಿನ ಆಫೀಸಿನ ಮೂಲೆಯಲ್ಲಿತ್ತು. ಎರಡು ಉಕ್ಕಿನ ಗಾಲಿಗಳ ನಡುವೆ ತಗಡು ತೂರಿಸಿ ಹಿಡಿ ತಿರುಗಿಸಿದರೆ ದಿಂಡು ಮೂಡಿಸುವ ಯಂತ್ರ ಅದು. ಈಗ ಅದಕ್ಕೆ ಕರಿ ಬಣ್ಣ ಹೊಡೆದು, ನೆತ್ತಿಯ ಮೇಲೆ ಒಂದು ಹೂಕುಂಡ ಇಟ್ಟಿದ್ದರು.

"ಏನೇ, ದಾರಿ ತಪ್ಪಿ ಬಂದ್ಯಾ?" ಎಂದ ಅಣ್ಣ. ಎದ್ದು ನಿಂತಿದ್ದ, ಕೂರು ಎನ್ನಲು ಮರೆತಿದ್ದ.

"ದಾರಿ ಸರಿಯಾಗೇ ಇದೆ. ಅಪ್ಪನ ಮಷೀನು ಬೇಕಿತ್ತು."

"ಅದನ್ನ ಈಗ ಅಂದಕ್ಕೆ ಇಟ್ಟಿದೀವಿ."

"ಕಾಣಿಸ್ತಿದೆ. ಗಿಡ ಚೆನ್ನಾಗಿ ಬಂದಿದೆ."

ಅಣ್ಣ ನಕ್ಕುಬಿಟ್ಟ. ಆಮೇಲೆ ಯಾವ ಕೆಲಸಕ್ಕೆ ಎಂದು ಕೇಳಿದ. ಸನ್‌ರೂಫಿನ ಅಂಚು ಎಂದಳು. ಯಾವ ಕಾರು ಎಂದ.

"ಮೇಷ್ಟ್ರದ್ದು. ಬಿಸ್ಕತ್ ಬಣ್ಣದ್ದು."

ಅವನ ನಗು ಅಲ್ಲೇ ನಿಂತಿತು. "ಅದನ್ನ ನಾವು ಮಾಡಿ..."

"ಹೌದು, ನೀವು ಮಾಡಿದ್ರಿ. ಈಗ ನಾನು ಮಾಡ್ತಿದೀನಿ."

"ನೀನು ನನ್ನ ತಂಗಿ ಅಂತ ಅವರಿಗೆ ಹೇಳಿದ್ಯಾ?"

"ಅವರು ಕೇಳಿಲ್ಲ, ನಾನು ಹೇಳಿಲ್ಲ. ನಾನೇನು ಬಾಯಿಬಡುಕಿನಾ?"

ಈ ಕೊನೆಯ ಮಾತನ್ನು ನಮ್ಮ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಆದರೆ ಅಣ್ಣ ಹೂಕುಂಡವನ್ನು ಎತ್ತಿ ಕಿಟಕಿಯ ಪಕ್ಕ ಇಟ್ಟ. ಯಂತ್ರದ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದ.

"ಮಷೀನು ಕೊಡಲ್ಲ" ಎಂದ. ಆಕೆ ಬಾಗಿಲ ಕಡೆ ತಿರುಗಿದ್ದಳು. "ಎಲ್ಲಿಗೆ ಓಡ್ತೀಯೇ? ಮಾತು ಮುಗಿಸೋಕೆ ಬಿಡು. ಇದರ ಹಿಡಿ ಸಡಿಲ, ಬೇರೆಯವರ ಕೈಗೆ ಬಗ್ಗಲ್ಲ. ನಾನೇ ತಗೊಂಡು ಬರ್ತೀನಿ."

ಮರುದಿನ ವ್ಯಾನಿನಲ್ಲಿ ಯಂತ್ರ ಹೇರಿಕೊಂಡು ದೊಡ್ಡ ಗ್ಯಾರೇಜಿನವರು ನಮ್ಮ ಸಣ್ಣ ಬೀದಿಗೆ ಬಂದಿಳಿದಾಗ ನಾನು ಗಿರಾಕಿಯ ಕಣ್ಣು ಪರೀಕ್ಷೆ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಬಿಳಿ ಷರ್ಟು, ಹೊಳೆಯುವ ಬೂಟು. ಶೆಡ್ಡಿನೊಳಗೆ ಹೋದವನು ಗಡಿಯಾರ ಬಿಚ್ಚಿ ಸೀಟು ಟೈಲರನ ಕೈಗೆ ಕೊಟ್ಟು ತೋಳು ಮಡಿಚಿದ. ಅವನು ಹಿಡಿ ತಿರುಗಿಸಿದ, ತಂಗಿ ತಗಡು ನಡೆಸಿದಳು. ಅಪ್ಪನ ಅಂಗಡಿಯಲ್ಲಿ ಇಬ್ಬರೂ ಹಾಗೇ ನಿಲ್ಲುತ್ತಿದ್ದರಂತೆ. "ಹೂಂ." "ತಡಿ." "ಬಿಡು." "ಇನ್ನೊಂಚೂರು." ಇಷ್ಟೇ ಮಾತು. ಗಾಲಿಗಳ ನಡುವಿನಿಂದ ತಗಡು ಹೊರಬಂದಾಗ ದಿಂಡು ರೂಲುಕಡ್ಡಿಯಿಟ್ಟು ಗೆರೆ ಎಳೆದಂತಿತ್ತು. ಅಣ್ಣ ಅದರ ಮೇಲೆ ಹೆಬ್ಬೆರಳು ಓಡಿಸಿದ. ಬಿಳಿ ಷರ್ಟಿಗೆ ಎಣ್ಣೆ ತಗಲಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅವನನ್ನು ಕಂಡು ಹುಬ್ಬೇರಿಸಿದರು. "ನೀವು? ಇಲ್ಲಿ?"

"ಇವಳು ನನ್ನ ತಂಗಿ" ಎಂದ ಅಣ್ಣ. ಸ್ವಲ್ಪ ತಡೆದು, "ಮೇಷ್ಟ್ರೇ, ಅವತ್ತು ನಮ್ಮಲ್ಲಿ ಆಗಿದ್ದು ಮೇಲ್ಮೇಲಿನ ಕೆಲಸ. ಒಳಗೆ ಬಿಚ್ಚಿ ನೋಡ್ಬೇಕಿತ್ತು, ನೋಡ್ಲಿಲ್ಲ" ಎಂದ.

"ಸಂಜೆಗೇ ಬೇಕು ಅಂತ ನಿಮ್ಮ ತಲೆ ಮೇಲೆ ಕೂತಿದ್ದವನು ನಾನೇ ಅಲ್ವಾ?" ಎಂದರು ಮೇಷ್ಟ್ರು. ಆ ವಿಷಯ ಅಲ್ಲಿಗೆ ಮುಗಿಯಿತು.

ಹೊಸ ಅಂಚನ್ನು ಬೆಸೆಯುವಾಗ ತಗಡಕ್ಕ ಒಂದೇ ಉಸಿರಿಗೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ನಡುನಡುವೆ ಒದ್ದೆ ಬಟ್ಟೆ ಒತ್ತಿ ತಣಿಸುವುದು. ಬಿಸಿ ಒಂದೇ ಕಡೆ ಏರಿದರೆ ನೆತ್ತಿಯ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೆಸುಗೆ ಉಜ್ಜಿ ನುಣುಪು ಮಾಡಿ, ಸತುವಿನ ಪ್ರೈಮರ್ ಬಳಿದು, ತಗಡಿಗೆ ತಗಡು ಸೇರುವ ಸಂದುಗಳಿಗೆಲ್ಲ ಅಂಟು ತುಂಬಿದಳು. ಬಣ್ಣ ತಾನು ಹೊಡೆಸುತ್ತೇನೆಂದು ಅಣ್ಣ ಹಟ ಹಿಡಿದ. ಆ ವಿಷಯದಲ್ಲಿ ತಗಡಕ್ಕ ತಕರಾರು ಮಾಡಲಿಲ್ಲ; ಅವನ ಬಣ್ಣದ ಕೋಣೆಯಂಥದು ಊರಲ್ಲಿ ಇನ್ನೊಂದಿಲ್ಲ. ಹಳೆಯ ಬಿಸ್ಕತ್ ಬಣ್ಣಕ್ಕೆ ಹೊಸದು ಎಲ್ಲಿ ಸೇರಿತೆಂದು ಕನ್ನಡಕದಂಗಡಿಯವನಾದ ನನಗೂ ಕಾಣಲಿಲ್ಲ. ಕಾರು ವಾಪಸ್ ಬಂದ ಮೇಲೆ ಆಕೆ ಕಣ್ಣಿಗೆ ಕಾಣದ ಟೊಳ್ಳುಗಳಿಗೆಲ್ಲ ತೆಳು ಮೇಣ ಸಿಂಪಡಿಸಿದಳು, ಹೊಸ ರಬ್ಬರು ಕೂರಿಸಿದಳು, ನಾಲ್ಕು ಮೂಲೆಯ ಪೈಪುಗಳಲ್ಲಿ ನೈಲಾನ್ ದಾರ ತೂರಿಸಿ ಮಣ್ಣು ತೆಗೆದಳು. ಕೊನೆಯಲ್ಲಿ ಸೀಟು ಟೈಲರ್ ಕೆನೆ ಬಣ್ಣದ ಹೊಸ ಸೀಲಿಂಗ್ ಬಟ್ಟೆ ಅಂಟಿಸಿದ. ಒಂದು ಸುಕ್ಕಿಲ್ಲ. ಅವನು ಅದರ ಕೆಳಗೆ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ ತನ್ನ ಕೆಲಸವನ್ನು ತಾನೇ ನೋಡುತ್ತಿದ್ದುದನ್ನು ನಾನು ಕಂಡೆ.

ಕಾರು ಒಪ್ಪಿಸುವ ದಿನ ನೀರಿನ ಪರೀಕ್ಷೆ. ಬೆಳಿಗ್ಗೆಯಿಂದಲೇ ಮೋಡ ಕಟ್ಟಿತ್ತು. ಮೇಷ್ಟ್ರು, ಅವರ ಹೆಂಡತಿ, ಅಣ್ಣ, ನಾನು, ಚಹಾದಂಗಡಿಯವನು ಎಲ್ಲರೂ ಸುತ್ತ ನಿಂತೆವು. ತಗಡಕ್ಕ ಸ್ಟೂಲಿನ ಮೇಲೆ ಹತ್ತಿ ಗಾಜನ್ನು ಅರೆ ಸರಿಸಿ, ದೋಣಿಯ ಮೂಲೆಮೂಲೆಗೆ ಚೊಂಬಿನಿಂದ ನೀರು ಹೊಯ್ದಳು. ಆಮೇಲೆ ಗಾಜು ಮುಚ್ಚಿ ಮೇಲಿನಿಂದ ಬಕೆಟ್ಟೇ ಸುರಿದಳು. ಮೇಷ್ಟ್ರು ಒಳಗೆ ಕೂತು ಸೀಲಿಂಗ್ ಬಟ್ಟೆಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದರು.

"ಒಣಗಿದೆ! ಒಂದು ಹನಿ ಇಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದೆವು. ತಗಡಕ್ಕ ಸ್ಟೂಲಿನ ಮೇಲಿಂದಲೇ ಶುರುಮಾಡಿದಳು: "ನಾನು ಮೊದಲೇ ಹೇಳಿದ್ದೆ. ನನ್ನ ಕೈ ಬಿಟ್ಟ ತಗಡು..."

"ಒಂದು ನಿಮಿಷ" ಎಂದ ಸೀಟು ಟೈಲರ್. ಅವನು ಕಾರಿನ ಆಚೆ ಬದಿಯಲ್ಲಿ ಮಂಡಿಯೂರಿ ಅಡಿಗೆ ಬಗ್ಗಿ ನೋಡುತ್ತಿದ್ದ. "ನೀನು ನಾಲ್ಕು ಮೂಲೆಗೆ ನೀರು ಹೊಯ್ದೆ. ಮುಂದಿನ ಎರಡು ಕಡೆ ಹೊರಗೆ ಬಂತು. ಹಿಂದಿನ ನೀರು ಎಲ್ಲಿಗೆ ಹೋಯ್ತು?"

ತಗಡಕ್ಕ ಸ್ಟೂಲಿನ ಮೇಲಿಂದಲೇ ಅವನ ಕಡೆ ಬಗ್ಗಿದಳು.

"ಬಂದಿರುತ್ತೆ. ನೀವು ನೋಡಿರಲ್ಲ."

"ನೋಡೋಕೇ ಬಗ್ಗಿದ್ದು ನಾನು."

ತಗಡಕ್ಕ ಇಳಿದು ಇನ್ನೊಮ್ಮೆ ಹಿಂದಿನ ಮೂಲೆಗೆ ನೀರು ಹೊಯ್ಯಿಸಿ ತಾನೇ ಬಗ್ಗಿದಳು. ಹಿಂದಿನ ಚಕ್ರದ ಬಳಿ ನೆಲ ಒಣಗಿಯೇ ಇತ್ತು. ಬಾಗಿಲ ಹಿಂದಿನ ತಗಡಿಗೆ ಕಿವಿಯಿಟ್ಟಳು. ಒಳಗೆಲ್ಲೋ ತೊಟಕ್, ತೊಟಕ್ ಎನ್ನುತ್ತಿತ್ತು.

"ಸೀಟಿಗೆ ಸೋರ್ತಿಲ್ವಲ್ಲ" ಎಂದ ಅಣ್ಣ, ತಂಗಿಯ ಪರ ವಹಿಸಿಕೊಂಡು. "ಅವರಿಗೆ ಅವಸರ ಇದೆ. ಈಗ ಹೋಗಿ ಬರ್ಲಿ, ಆಮೇಲೆ ನೋಡಿದ್ರಾಯ್ತು."

ಆಕೆ ಅವನ ಕಡೆ ಬೀರಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಗ ಮಾತಾಡಿದವರು ಮೇಷ್ಟ್ರ ಹೆಂಡತಿ. "ಬಿಚ್ಚಿ ನೋಡಮ್ಮಾ. ಇವತ್ತಲ್ಲ ನಾಳೆ ಹೊರಟ್ರಾಯ್ತು. ಅಜ್ಜಿ ಬರೋವರೆಗೆ ಮಗು ಕಾಯುತ್ತೆ."

ಬಿಚ್ಚಬೇಕೆಂದರೆ ಹಿಂಭಾಗದ ಹೊಸ ಸೀಲಿಂಗ್ ಬಟ್ಟೆ ಇಳಿಸಲೇಬೇಕು. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಎಳೆದರೆ ಬಟ್ಟೆ ಕೆಡುವುದು ಖಂಡಿತ. ತಗಡಕ್ಕ ಗಂಡನ ಮುಖ ನೋಡಿದಳು. ಅವನು ಆಗಲೇ ಉಗುರಿನಿಂದ ಅಂಚು ಎಬ್ಬಿಸಲು ಶುರುಮಾಡಿದ್ದ.

ಆ ಹೊತ್ತಿನಲ್ಲಿ ಏನನ್ನಿಸಿತು ಎಂದು ನಾನು ಆಮೇಲೆ ಕೇಳಿದ್ದೆ. "ಅವಮಾನ ಆಗಿರುತ್ತೆ ಅಂದ್ಕೊಂಡ್ರಾ? ಆಯ್ತು. ಮುಖ ಎಲ್ಲ ಬಿಸಿ ಆಯ್ತು. ಆದ್ರೆ ಅದಕ್ಕಿಂತ ಆ ಪೈಪಿನ ಮೇಲೆ ಸಿಟ್ಟು ಬಂತು. ನನ್ನ ಕಣ್ಣಿಗೇ ಮಣ್ಣೆರಚಿತಲ್ಲ ಅಂತ" ಎಂದಳು.

ಪೈಪು ಮಾಡಿದ ಮೋಸ ಹೀಗಿತ್ತು. ಹಿಂದಿನ ಎರಡು ಪೈಪುಗಳು ಹಳತಾಗಿ ಕಡ್ಡಿಯಂತೆ ಗಟ್ಟಿಯಾಗಿ, ಕೆಳಗೆ ಹೊರಬಾಯಿಗೆ ಸೇರುವ ಕಡೆ ಕಳಚಿಕೊಂಡಿದ್ದವು. ಕಳಚಿದ ತುದಿ ಚಕ್ರದ ಮೇಲಿನ ಟೊಳ್ಳಿನೊಳಗೆ ನೇತಾಡುತ್ತಿತ್ತು. ತಗಡಕ್ಕ ತೂರಿಸಿದ ನೈಲಾನ್ ದಾರ ಸರಾಗವಾಗಿ ಹೋದದ್ದು ನಿಜ; ಆದರೆ ಅದು ಹೊರಗೆ ಹೋಗದೆ ಆ ಟೊಳ್ಳಿನಲ್ಲಿ ಸುರುಳಿ ಸುತ್ತಿಕೊಂಡಿತ್ತು. ತುದಿ ಹೊರಗೆ ಕಂಡಿತೇ ಎಂದು ಆಕೆ ಮುಂದಿನ ಎರಡಕ್ಕೆ ನೋಡಿದ್ದಳು, ಹಿಂದಿನವಕ್ಕೆ ನೋಡಿರಲಿಲ್ಲ. ಇನ್ನೊಂದು ಮಳೆಗಾಲ ಕಳೆದಿದ್ದರೆ ನೆತ್ತಿ ಹೊಸದಾಗಿ, ಬುಡ ಲಡ್ಡಾಗಿರುತ್ತಿತ್ತು. ಸ್ಕ್ರೂಡ್ರೈವರಿನಿಂದ ಒಳಗಿನ ತಗಡನ್ನು ಚುಚ್ಚಿ ನೋಡಿದಳು. ತುಕ್ಕು ಮೇಲ್ಪದರಕ್ಕೆ ಮಾತ್ರ ಬಂದಿತ್ತು, ತಗಡು ಇನ್ನೂ ಗಟ್ಟಿ.

"ಸಿಕ್ಕಿಬಿದ್ದೆ ಮಗನೇ" ಎಂದಳು ತುಕ್ಕಿಗೆ.

ಅಂದು ಮಳೆ ಬಂತು. ಶೆಡ್ಡಿನೊಳಗೆ ಮೂವರೂ ಕೆಲಸ ಮಾಡಿದರು. ಅಣ್ಣ ಹೊಸ ಪೈಪು ತಂದ. ತಗಡಕ್ಕ ಟೊಳ್ಳನ್ನು ಕೆರೆದು, ಒಣಗಿಸಿ, ಮೇಣ ಹೊಡೆದು, ಪೈಪಿನ ತುದಿಗೆ ಬಿಗಿ ಉಂಗುರ ಹಾಕಿದಳು. ಸೀಟು ಟೈಲರ್ ಕೆಟ್ಟ ಬಟ್ಟೆಯ ಜಾಗಕ್ಕೆ ಬೇರೆ ತುಂಡು ಕತ್ತರಿಸಿ ಜೋಡಿಸಿದ. ಜೋಡಣೆಯ ಗೆರೆ ಅವನ ಕಣ್ಣಿಗೆ ಮಾತ್ರ ಕಾಣುತ್ತದೆ, ಅದು ಅವನಿಗೆ ಸಾಕಷ್ಟು ನೋವು ಕೊಟ್ಟಿದೆ. ಮರುದಿನ ಬೆಳಿಗ್ಗೆ ನಾಲ್ಕೂ ಕಡೆ ನೀರು ಹೊರಗೆ ಬಂತು. ಈ ಸಲ ತಗಡಕ್ಕ ತಾನೇ ಕಾರಿನ ಸುತ್ತ ಮಂಡಿಯೂರಿ ನಾಲ್ಕೂ ಕಡೆ ನೋಡಿದಳು. ಬಡಾಯಿ ಕೊಚ್ಚಲಿಲ್ಲ. ಗಂಡನ ಕೈಗೆ ಚೊಂಬು ಕೊಟ್ಟು, "ನಿಮ್ಮ ಕಣ್ಣಿಗೆ ಏನಾದ್ರೂ ಕಾಣಿಸ್ತಿದೆಯಾ?" ಎಂದು ಎಲ್ಲರ ಎದುರಿಗೆ ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ ಮೇಲೆಯೇ ಕೀಲಿ ಮೇಷ್ಟ್ರ ಕೈಗೆ ಹೋಯಿತು.

ಕೀಲಿಯ ಜೊತೆಗೆ ಉಪದೇಶವೂ ಹೋಯಿತು. "ಮರದ ಕೆಳಗೆ ನಿಲ್ಲಿಸ್ಬೇಡಿ. ಬಿಸಿಲಾದ್ರೂ ಪರವಾಗಿಲ್ಲ. ಆಗಾಗ ಗಾಜು ತೆಗೆದು ದೋಣೀನ ಒದ್ದೆ ಬಟ್ಟೇಲಿ ಒರೆಸಿ. ಮೂಲೆಗೆ ಒಂದೊಂದು ಲೋಟ ನೀರು ಹೊಯ್ದು, ಹೊರಗೆ ಬರುತ್ತಾ ಅಂತ ನಾಲ್ಕೂ ಕಡೆ ಬಗ್ಗಿ ನೋಡಿ. ರಬ್ಬರಿಗೆ ಗ್ರೀಸ್ ಮೆತ್ತಬೇಡಿ, ಅದು ರಬ್ಬರನ್ನ ಹಾಳುಮಾಡುತ್ತೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಎದ್ರೂ ಆವತ್ತೇ ತಗೊಂಡು ಬನ್ನಿ. ಗುಳ್ಳೆ ಅಂದ್ರೆ ಒಳಗೆ ಆಗಲೇ ಕೆಲಸ ಶುರುವಾಗಿದೆ ಅಂತ ಅರ್ಥ."

ಮೇಷ್ಟ್ರು ಹುಡುಗನಂತೆ ತಲೆಯಾಡಿಸಿದರು. ಅವರ ಹೆಂಡತಿ ಹತ್ತಿ ಕುಳಿತು ತಲೆ ಎತ್ತಿ ನೋಡಿದರು. ಗಾಜಿನಾಚೆ ಮೋಡ ಓಡುತ್ತಿತ್ತು. ಹೊರಗೆ ಕೈಚಾಚಿ ತಗಡಕ್ಕನ ಕೆನ್ನೆ ತಟ್ಟಿದರು.

ದಾರಿಯುದ್ದಕ್ಕೂ ಧಾರಾಕಾರ ಮಳೆಯಂತೆ. ಊರು ಮುಟ್ಟಿದ ಮೇಲೆ ಮೇಷ್ಟ್ರ ಹೆಂಡತಿ ಫೋನು ಮಾಡಿದರು. ತಗಡಕ್ಕ ಸ್ಪೀಕರ್ ಹಾಕಿ ನಮಗೆಲ್ಲ ಕೇಳಿಸಿದಳು. "ತಲೆ ಮೇಲೆ ಮಳೆ ಕುಣೀತಾ ಇತ್ತು ಕಣಮ್ಮಾ. ನಾನು ಕೆಳಗೆ ಬೆಚ್ಚಗೆ ಕೂತು ನೋಡ್ತಾ ಇದ್ದೆ. ಎಲ್ಲೂ ನಿಲ್ಲಿಸ್ಲಿಲ್ಲ." ಮಗಳಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿಯೂ ಕೆಲವು ದಿನಗಳಲ್ಲಿ ಬಂತು.

ಅಂಚಿನ ಯಂತ್ರವನ್ನು ಅಣ್ಣ ವಾಪಸ್ ಒಯ್ಯಲಿಲ್ಲ. ನಾಳೆ ವ್ಯಾನು ಕಳಿಸುತ್ತೇನೆ ಎಂದ, ಮುಂದಿನ ವಾರ ಎಂದ. ಬದಲಿಗೆ ತಾನೇ ಬರತೊಡಗಿದ. ಹಿಡಿಗೆ ಎಣ್ಣೆ ಬಿಟ್ಟು ನೋಡಬೇಕು ಎನ್ನುವುದು ನೆಪ. ಎಣ್ಣೆ ಬಿಡಲು ಬಂದವನು ಊಟ ಮಾಡಿಕೊಂಡು ಹೋಗುತ್ತಾನೆ. ಅವನ ಗ್ಯಾರೇಜಿನಲ್ಲಿ ಈಗ ತುಕ್ಕು ಹಿಡಿದ ಕಾರು ಬಂದರೆ, ಪುಟ್ಟಿ ಡಬ್ಬ ತೆರೆಯುವ ಮೊದಲು ತಂಗಿಗೆ ಫೋನು ಬರುತ್ತದೆ. ಹಳೆ ಕಾರಿನವರು ಮಳೆಗಾಲಕ್ಕೆ ಮುಂಚೆಯೇ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಾರೆ. ತುಕ್ಕು ಬಂದ ಮೇಲಲ್ಲ, ಬಾರದ ಹಾಗೆ ಮಾಡಿಸಿಕೊಳ್ಳಲು.

ಮರುವರ್ಷ ಮೇಷ್ಟ್ರು ಕಾರು ತಂದರು, ಏನೂ ತೊಂದರೆಯಿಲ್ಲ, ಸುಮ್ಮನೆ ಒಮ್ಮೆ ನೋಡಿ ಎಂದು. ಹಿಂದಿನ ಸೀಟಿನಲ್ಲಿ ಅಜ್ಜಿಯ ಮಡಿಲಲ್ಲಿ ಮೊಮ್ಮಗಳು ಮೇಲೆ ನೋಡುತ್ತ ಕೈ ಬಡಿಯುತ್ತಿದ್ದಳು. ತಗಡಕ್ಕ ರಬ್ಬರಿನ ಮೂಲೆಯನ್ನು ಸರಿಸಿ ಟಾರ್ಚು ಹಾಕಿ ನೋಡಿದಳು. ಅಂಚು ಒಣಗಿ ಶುದ್ಧವಾಗಿತ್ತು. ಮೇಣದ ಪದರ ಹಾಗೇ ಮಿನುಗುತ್ತಿತ್ತು. ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದಳು.

"ಒಂದು ಚುಕ್ಕೆ ತುಕ್ಕಿಲ್ಲ ಕಣೋ."

ಆ ಕಡೆಯಿಂದ ಅಣ್ಣನ ದನಿ ನನ್ನ ಅಂಗಡಿಯವರೆಗೂ ಕೇಳಿಸಿತು. "ನಾನು ಅವತ್ತೇ ಹೇಳ್ಲಿಲ್ವಾ, ಹಿಂದಿನ ಪೈಪು ಬಿಚ್ಚಿ ನೋಡ್ಬೇಕು ಅಂತ?"

ತಗಡಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಗಂಡನ ಕಡೆ ನೋಡಿದಳು. ಅವನು ಸೂಜಿ ಹಲ್ಲಲ್ಲಿ ಕಚ್ಚಿಕೊಂಡು ನಗುತ್ತಿದ್ದ.

"ಹೌದಪ್ಪಾ, ನೀನೇ ಹೇಳಿದ್ದು. ಈಗ ಫೋನಿಡು, ನಂಗೆ ಕೆಲಸ ಇದೆ" ಎಂದು ಆಕೆ ಸುತ್ತಿಗೆ ಎತ್ತಿಕೊಂಡಳು.